ಮಲೆನಾಡಿಗೆ ಅಂತರರಾಷ್ಟ್ರೀಯ ರೇಸ್: ಸರ್ಕ್ಯೂಟ್ ಕಟ್ಟುವುದೋ, ತೋಟದ ರಸ್ತೆಯಲ್ಲಿ ರ‍್ಯಾಲಿ ಓಡಿಸುವುದೋ?

ಭಾರತಕ್ಕೆ ಬಂದ ದೊಡ್ಡ ರೇಸ್‌ಗಳ ಆಯುಸ್ಸನ್ನು ಒಂದೇ ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಒನ್ ನಡೆದದ್ದು 2011, 2012, 2013ರಲ್ಲಿ, ಮೂರೇ ಸಲ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ 2023ರ ಫೆಬ್ರವರಿ 11ರಂದು ಒಮ್ಮೆ. ಬೈಕ್‌ಗಳ ಮೋಟೊಜಿಪಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಮ್ಮೆ. ಮೊದಲ ಸಲ ಮೂರೂ ಜೋರಾಗಿಯೇ ನಡೆದವು. ಮಂತ್ರಿಗಳು ಬಂದರು, ಸಿನಿಮಾದವರು ಬಂದರು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು. ಆಮೇಲೆ ನಿಂತೇ ಹೋದವು.

ಹಾಗಾಗಿ ಹಾಸನ, ಚಿಕ್ಕಮಗಳೂರು ಭಾಗಕ್ಕೆ ಅಂತರರಾಷ್ಟ್ರೀಯ ರೇಸ್ ತರುತ್ತೇವೆ ಎಂದು ಯಾರೇ ಯೋಜನೆ ಹಿಡಿದು ಬರಲಿ, ಬೆಳೆಗಾರರ ಸಂಘವಾಗಲಿ, ಮೋಟಾರ್ ಕ್ಲಬ್ ಆಗಲಿ, ಪ್ರವಾಸೋದ್ಯಮ ಸಮಿತಿಯಾಗಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕನೇ ವರ್ಷದ ದುಡ್ಡು ಯಾರದು? ಮುಂದಿರುವ ದಾರಿಗಳು ಮೂರು. ಕಾಯಂ ಸರ್ಕ್ಯೂಟ್, ಊರೊಳಗಿನ ಬೀದಿ ರೇಸ್, ತೋಟದ ರಸ್ತೆಗಳ ರ‍್ಯಾಲಿ. ಮೂರನ್ನೂ ಇದೇ ಪ್ರಶ್ನೆಯ ತಕ್ಕಡಿಯಲ್ಲಿಟ್ಟು ತೂಗೋಣ.

ಶುಲ್ಕ ಡಾಲರ್‌ನಲ್ಲಿ, ಟಿಕೆಟ್ ರೂಪಾಯಿಯಲ್ಲಿ

ಹೊಸ ದೇಶಕ್ಕೆ ರೇಸ್ ತರುವವರು ಕೈ ಸುಟ್ಟುಕೊಳ್ಳುವುದು ಬಹುಪಾಲು ಇಲ್ಲೇ. ಭಾರತದ ಫಾರ್ಮುಲಾ ಒನ್ ಒಪ್ಪಂದದ ವಿವರ ಸುಪ್ರೀಂ ಕೋರ್ಟಿನ 2017ರ ತೀರ್ಪಿನಲ್ಲಿಯೇ ಇದೆ: ರೇಸ್ ನಡೆಸುವ ಹಕ್ಕಿಗೆ ಜೇಪೀ ಸಮೂಹದ ಕಂಪನಿ ಒಪ್ಪಿದ್ದ ಮೊತ್ತ 40 ಮಿಲಿಯನ್ ಡಾಲರ್. 2011ರ ಅಕ್ಟೋಬರ್ ದರದಲ್ಲಿ ಅದು ಸುಮಾರು 195 ಕೋಟಿ ರೂಪಾಯಿ. 2013ರ ಅಕ್ಟೋಬರ್ ಹೊತ್ತಿಗೆ ರೂಪಾಯಿ ಇಳಿದು, ಅಷ್ಟೇ ಡಾಲರಿಗೆ ಸುಮಾರು 245 ಕೋಟಿ ಬೇಕು. ರೇಸ್ ಅದೇ, ಸರ್ಕ್ಯೂಟ್ ಅದೇ, ಖರ್ಚು ಮಾತ್ರ 50 ಕೋಟಿ ಜಾಸ್ತಿ.

ಇತ್ತ ಪ್ರೇಕ್ಷಕರು ಕಡಿಮೆಯಾಗುತ್ತ ಹೋದರು. ಮೊದಲ ವರ್ಷ ರೇಸಿನ ದಿನ ಸುಮಾರು 95 ಸಾವಿರ ಜನ, ಮರುವರ್ಷ ಸುಮಾರು 65 ಸಾವಿರ. 195 ಕೋಟಿಯನ್ನು 65 ಸಾವಿರ ಸೀಟಿಗೆ ಹಂಚಿ ನೋಡಿ: ಒಂದೊಂದು ಸೀಟಿನ ತಲೆಯ ಮೇಲೆ 30 ಸಾವಿರ. ಇದು ಶುಲ್ಕವೊಂದಕ್ಕೇ, ಸರ್ಕ್ಯೂಟ್ ಕಟ್ಟಿದ ಸಾಲದ ಬಡ್ಡಿ, ಭದ್ರತೆ, ಟ್ರ್ಯಾಕ್ ಕಾಯುವ ಮಾರ್ಷಲ್‌ಗಳು, ಆಸ್ಪತ್ರೆ ವ್ಯವಸ್ಥೆ ಯಾವುದೂ ಇದರಲ್ಲಿ ಸೇರಿಲ್ಲ.

ಟಿಕೆಟ್ ಬಿಟ್ಟು ಬೇರೆ ಆದಾಯ ಇಲ್ಲವೇ? ಇದೆ, ಆದರೆ ಅದು ಆಯೋಜಕರ ಜೇಬಿಗೆ ಬರುವುದಿಲ್ಲ. ಟಿವಿ ಹಕ್ಕು, ಟ್ರ್ಯಾಕ್ ಪಕ್ಕದ ಜಾಹೀರಾತು, ರೇಸಿನ ಹೆಸರಿನ ಪ್ರಾಯೋಜಕತ್ವ, ತಂಡಗಳು ಬೀಡುಬಿಡುವ ಪ್ಯಾಡಾಕ್‌ನ ಅತಿಥಿ ಸತ್ಕಾರ ಇವೆಲ್ಲ ಸಾಮಾನ್ಯವಾಗಿ ಚಾಂಪಿಯನ್‌ಶಿಪ್ ಮಾಲೀಕರ ಪಾಲು. ಭಾರತದಲ್ಲೂ ಹಕ್ಕುಗಳು ಹೀಗೆಯೇ ಬೇರೆ ಬೇರೆ ಒಪ್ಪಂದಗಳ ಮೂಲಕ ಅವರ ಸೋದರ ಕಂಪನಿಗಳಿಗೆ ಹೋಗಿದ್ದವು. ಮದುವೆ ಮನೆಯ ಚಪ್ಪರ, ಅಡುಗೆ, ಬಾಡಿಗೆ ನಮ್ಮದು; ಮುಯ್ಯಿ ಮಾತ್ರ ಬೀಗರದ್ದು.

ತೆರಿಗೆಯ ಪಾಠ ಇದಕ್ಕಿಂತ ದುಬಾರಿ. ಮೂರು ದಿನದ ರೇಸ್ ಆದರೂ ಆ ಸರ್ಕ್ಯೂಟ್ ವಿದೇಶಿ ಕಂಪನಿಯ ‘ಕಾಯಂ ವ್ಯವಹಾರ ನೆಲೆ’ ಎಂದೇ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಶುಲ್ಕ ಕಳಿಸುವಾಗ ಮೂಲದಲ್ಲೇ ತೆರಿಗೆ ಹಿಡಿಯುವ ಹೊಣೆ ಇಲ್ಲಿನ ಆಯೋಜಕರದ್ದು. ‘ನಮಗೆ ಪೂರ್ತಿ ಮೊತ್ತ ಮುಟ್ಟಬೇಕು, ತೆರಿಗೆ ನಿಮ್ಮದು’ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಶುಲ್ಕ ಅಲ್ಲೇ ಇನ್ನಷ್ಟು ಉಬ್ಬುತ್ತದೆ. ಜಿಲ್ಲಾ ಮಟ್ಟದ ಸಂಘಟಕರು ಓದದೆ ಸಹಿ ಹಾಕುವುದು ಹೆಚ್ಚಾಗಿ ಈ ಸಾಲಿಗೇ.

ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದರೆ, ಸರ್ಕಾರ ಹಣ ಸುರಿಯುತ್ತದೆ. ಸಿಂಗಾಪುರ 2008ರಿಂದ ರಾತ್ರಿ ರೇಸ್ ನಡೆಸುತ್ತಿದೆ. ವರ್ಷಕ್ಕೆ ಸುಮಾರು 150 ಮಿಲಿಯನ್ ಸಿಂಗಾಪುರ ಡಾಲರ್ ಎಂದಿದ್ದ ಖರ್ಚಿನಲ್ಲಿ 60 ಶೇಕಡಾ ಸರ್ಕಾರದ್ದು. ಊರಿನ ನಡುವೆಯೇ ಸಾವಿರಾರು ಹೋಟೆಲ್ ಕೋಣೆ, ಪಕ್ಕದಲ್ಲೇ ದೊಡ್ಡ ವಿಮಾನ ನಿಲ್ದಾಣ ಇರುವುದರಿಂದ ಅವರಿಗೆ ಲೆಕ್ಕ ಕೂಡುತ್ತದೆ. ದಕ್ಷಿಣ ಕೊರಿಯಾದಲ್ಲಿ ಸೋಲ್‌ನಿಂದ ಬಹುದೂರ, ಯೊಂಗಾಮ್ ಎಂಬ ಮೂಲೆಯಲ್ಲಿ ಸರ್ಕ್ಯೂಟ್ ಕಟ್ಟಿದರು. 2010ರಿಂದ 2013, ನಾಲ್ಕೇ ಸಲ. ನಷ್ಟ ಹೊತ್ತದ್ದು ಪ್ರಾಂತ್ಯದ ಸರ್ಕಾರ. ವಿಯೆಟ್ನಾಮಿನ ಹನೋಯ್‌ನಲ್ಲಿ ಟ್ರ್ಯಾಕ್ ತಯಾರಾಯಿತು, 2020ರ ರೇಸ್ ಕೋವಿಡ್‌ನಿಂದ ರದ್ದಾಯಿತು, ಆಮೇಲೆ ಒಂದೂ ನಡೆಯಲಿಲ್ಲ. ಮಲೇಷ್ಯಾ 1999ರಿಂದ 19 ವರ್ಷ ನಡೆಸಿ, ಟಿಕೆಟ್ ಮಾರಾಟ ಕುಸಿದಾಗ 2017ಕ್ಕೆ ನಿಲ್ಲಿಸಿತು. ಇವುಗಳಲ್ಲಿ ಹಾಸನಕ್ಕೆ ಹತ್ತಿರದ ಹೋಲಿಕೆ ಸಿಂಗಾಪುರವಲ್ಲ, ಯೊಂಗಾಮ್.

ಕಾಯಂ ಸರ್ಕ್ಯೂಟ್: ಹಾಸನದ ಬಯಲು ಸೀಮೆ

ಸರ್ಕ್ಯೂಟ್ ಎಂದರೆ ಜಾಗ ಹಾಸನದ ಪೂರ್ವಕ್ಕೇ ಸರಿ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ನೆಲ ಸಮತಟ್ಟು, ಮಳೆ ಕಡಿಮೆ, ಬೆಂಗಳೂರು ಹೆದ್ದಾರಿಗೆ ಹತ್ತಿರ. ಸಕಲೇಶಪುರದ ಮಳೆಗೂ ಅರಸೀಕೆರೆಯ ಮಳೆಗೂ ಅಜಗಜಾಂತರ. ಕಾಫಿ ಸೀಮೆಯಲ್ಲಿ ಡಾಂಬರು ಟ್ರ್ಯಾಕ್ ಹಾಕುವ ಯೋಚನೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಗುಡ್ಡ ಕಡಿಯಬೇಕು, ನೀರು ಹರಿಸಬೇಕು. ಅಷ್ಟೇ ಅಲ್ಲ, ಪ್ಲಾಂಟೇಶನ್ ಎಂಬ ಕಾರಣಕ್ಕೆ ಭೂಮಿತಿಯಿಂದ ವಿನಾಯಿತಿ ಪಡೆದ ಜಮೀನಿನಲ್ಲಿ ಬೇರೆ ಉದ್ದೇಶಕ್ಕೆ ಕಾಯಂ ಕಟ್ಟಡ ಎದ್ದರೆ ಆ ವಿನಾಯಿತಿಗೇ ಕುತ್ತು ಬರಬಹುದು.

ಅಂತರರಾಷ್ಟ್ರೀಯ ಮೋಟಾರ್ ಸಂಸ್ಥೆ ಎಫ್‌ಐಎ ಸರ್ಕ್ಯೂಟ್‌ಗಳಿಗೆ ದರ್ಜೆ ಕೊಡುತ್ತದೆ. ಫಾರ್ಮುಲಾ ಒನ್‌ಗೆ ಒಂದನೇ ದರ್ಜೆ ಬೇಕು. ಹೊಸದಾಗಿ ಕಟ್ಟುವ ಟ್ರ್ಯಾಕ್ ಕನಿಷ್ಠ 3.5 ಕಿ.ಮೀ. ಉದ್ದ, 12 ಮೀಟರ್ ಅಗಲ ಇರಬೇಕು, ಸ್ಟಾರ್ಟ್ ಗ್ರಿಡ್ ಬಳಿ 15 ಮೀಟರ್. ನೇರ ದಾರಿ 2 ಕಿ.ಮೀ. ದಾಟುವಂತಿಲ್ಲ. ಬುದ್ಧ ಸರ್ಕ್ಯೂಟ್ 5.125 ಕಿ.ಮೀ. ಕನಿಷ್ಠ ಅಳತೆಯನ್ನೇ ಹಿಡಿದರೂ ಟ್ರ್ಯಾಕಿನ ಮೈ 42 ಸಾವಿರ ಚದರ ಮೀಟರ್. ಡಾಂಬರಿನ ಪದರಗಳು ಒಟ್ಟು 15 ಸೆಂ.ಮೀ. ಎಂದುಕೊಂಡರೆ ಸುಮಾರು 15 ಸಾವಿರ ಟನ್ ಮಿಶ್ರಣ. ಟ್ರ್ಯಾಕ್ ಹಾಕುವುದು ಖರ್ಚಿನ ಒಂದು ಪಾಲು ಅಷ್ಟೇ. ಜಾರಿದ ಕಾರು ನಿಲ್ಲಲು ಬೇಕಾದ ಬದಿಯ ಬಯಲು, ಜಲ್ಲಿ ಹಾಸು, ಟೈರ್ ಗೋಡೆ, ಮೂರು ಸಾಲಿನ ಗಾರ್ಡ್‌ರೇಲ್, ರೇಸ್ ಕಂಟ್ರೋಲ್, ವೈದ್ಯಕೀಯ ಕೇಂದ್ರ, ಪಿಟ್ ಕಟ್ಟಡ ಇವು ಗಂಟನ್ನು ಕರಗಿಸುತ್ತವೆ.

ಒಂದನೇ ದರ್ಜೆಯ ಮಾತು ಬಿಡಿ, ಸಾಧಾರಣ ದರ್ಜೆಯ ಟ್ರ್ಯಾಕನ್ನು ಭೂಮಿ ಸೇರಿ 300 ಕೋಟಿಯಲ್ಲಿ ಮುಗಿಸಿದಿರಿ ಎಂದುಕೊಳ್ಳಿ. ಶೇಕಡಾ 9ರಂತೆ ವರ್ಷದ ಬಡ್ಡಿ 27 ಕೋಟಿ. ಮಳೆಗಾಲ, ದುರಸ್ತಿ ಕಳೆದು 200 ದಿನ ಬಾಡಿಗೆಗೆ ಹೋಗುತ್ತದೆ ಎಂದರೆ, ಬಡ್ಡಿ ಕಟ್ಟುವುದಕ್ಕೇ ದಿನಕ್ಕೆ ಹದಿಮೂರೂವರೆ ಲಕ್ಷ ಬರಬೇಕು. ಅಂತರರಾಷ್ಟ್ರೀಯ ರೇಸ್ ಇರುವುದು ಮೂರು ದಿನ. ಉಳಿದ 197 ದಿನ ಯಾರು ಬರುತ್ತಾರೆ? ವಾಹನ ಕಂಪನಿಗಳ ಪರೀಕ್ಷೆ, ರೈಡಿಂಗ್ ಶಾಲೆ, ವಾರಾಂತ್ಯದ ಟ್ರ್ಯಾಕ್ ಡೇ. ಇವರ ಪಟ್ಟಿ, ಮುಂಗಡದ ಚೆಕ್ ಸಮೇತ ಕೈಯಲ್ಲಿಲ್ಲದೆ ಜಮೀನು ನೋಡಲು ಹೋಗುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ದಕ್ಷಿಣದಲ್ಲಿ ಬದುಕುಳಿದ ಸರ್ಕ್ಯೂಟ್‌ಗಳನ್ನು ನೋಡಿ. ಮದ್ರಾಸಿನವರು ದಶಕಗಳ ಕಾಲ ಶೋಳಾವರಂನ ಯುದ್ಧಕಾಲದ ಹಳೆಯ ಏರ್‌ಸ್ಟ್ರಿಪ್ ಮೇಲೆ ರೇಸ್ ನಡೆಸಿ, ಸ್ಪರ್ಧಿಗಳನ್ನೂ ಪ್ರೇಕ್ಷಕರನ್ನೂ ಬೆಳೆಸಿಕೊಂಡು, ಆಮೇಲೆ 1990ರಲ್ಲಿ ಇರುಂಗಾಟ್ಟುಕೋಟೆಗೆ ಹೋದರು, ಟ್ರ್ಯಾಕ್ 3.7 ಕಿ.ಮೀ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇ 2003ರದ್ದು, ಬರೀ 2.1 ಕಿ.ಮೀ. ಎರಡನ್ನೂ ಸಾಕಿದ್ದು ಫಾರ್ಮುಲಾ ಒನ್ ಅಲ್ಲ. ರಾಷ್ಟ್ರೀಯ ಚಾಂಪಿಯನ್‌ಶಿಪ್, ಟೈರ್ ಕಂಪನಿಗಳ ಸರಣಿ, ಬೈಕ್ ಕಂಪನಿಗಳ ತರಬೇತಿ. ಹಾಸನಕ್ಕೆ ಸರ್ಕ್ಯೂಟ್ ಬೇಕೇ ಬೇಕು ಎನ್ನುವವರು ಒಂದು ಕಿ.ಮೀ. ಒಳಗಿನ ಕಾರ್ಟಿಂಗ್ ಟ್ರ್ಯಾಕಿನಿಂದ ಶುರು ಮಾಡಿ, ಐದು ವರ್ಷ ಅದರ ಖಾತೆ ಪುಸ್ತಕ ನೋಡಿ ಮುಂದಿನ ಮಾತಾಡಲಿ.

ಬೀದಿ ರೇಸ್

ಇದಕ್ಕೆ ಹೆಚ್ಚು ಮಾತು ಬೇಡ. 2.8 ಕಿ.ಮೀ. ಬೀದಿ ಟ್ರ್ಯಾಕಿಗೆ ಎರಡೂ ಬದಿ 5.6 ಕಿ.ಮೀ. ಕಾಂಕ್ರೀಟ್ ತಡೆಗೋಡೆ ಬೇಕು. 4 ಮೀಟರಿನ ಬ್ಲಾಕ್ ಲೆಕ್ಕದಲ್ಲಿ 1,400 ಬ್ಲಾಕ್, ಮೇಲೆ ಬಲೆ. ಹಾಕಲು ವಾರಗಳು, ತೆಗೆಯಲು ವಾರಗಳು. ಹಾಸನದ ಬಿ.ಎಂ. ರಸ್ತೆಯನ್ನೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯನ್ನೋ ಅಷ್ಟು ದಿನ ಕಟ್ಟಿಹಾಕಿದರೆ ಅಂಗಡಿಯವರು ಸುಮ್ಮನಿರುತ್ತಾರೆಯೇ? ಹೈದರಾಬಾದಿನಷ್ಟು ದೊಡ್ಡ ನಗರದಲ್ಲೇ, ಸರ್ಕಾರ ಬದಲಾದ ಮೇಲೆ 2024ರ ಎರಡನೇ ರೇಸ್ ಒಂದು ತಿಂಗಳಿರುವಾಗ ರದ್ದಾಯಿತು. ಬಹುಪಾಲು ವಿದೇಶಕ್ಕೆ ಹೋದ ಸುಮಾರು 55 ಕೋಟಿ ರೂಪಾಯಿಯ ಬಗ್ಗೆ ಭ್ರಷ್ಟಾಚಾರ ನಿಗ್ರಹ ದಳದ ತನಿಖೆಯೂ ಶುರುವಾಯಿತು. ಇದರಿಂದ ಕಲಿಯುವುದಿದ್ದರೆ ಇಷ್ಟು: ಒಂದು ಸರ್ಕಾರದ ಉತ್ಸಾಹವನ್ನೇ ನಂಬಿ ಐದು ವರ್ಷದ ಒಪ್ಪಂದ ಮಾಡಿಕೊಳ್ಳಬೇಡಿ.

ರ‍್ಯಾಲಿ: ಟ್ರ್ಯಾಕ್ ಆಗಲೇ ತೋಟದಲ್ಲಿದೆ

ರ‍್ಯಾಲಿಗೆ ಸರ್ಕ್ಯೂಟ್ ಕಟ್ಟಬೇಕಿಲ್ಲ. ಮುಚ್ಚಿದ ಮಣ್ಣುರಸ್ತೆಯಲ್ಲಿ ಒಂದೊಂದೇ ಕಾರು ಸಮಯಕ್ಕೆ ಎದುರಾಗಿ ಓಡುತ್ತದೆ. ಆ ತುಂಡಿಗೆ ಸ್ಪೆಷಲ್ ಸ್ಟೇಜ್ ಎನ್ನುತ್ತಾರೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಸಂಚಾರ ನಿಯಮ ಪಾಲಿಸಿಕೊಂಡೇ ಹೋಗಬೇಕು. ಕಾಫಿ ತೋಟದ ರಸ್ತೆಗಳು ಇದಕ್ಕೆಂದೇ ಮಾಡಿದಂತಿವೆ: ಕಿರಿದು, ತಿರುವು, ಏರಿಳಿತ, ಎರಡೂ ತುದಿಗೆ ಗೇಟು. 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ಎರಡೂ ವರ್ಷ ಚಾಂಪಿಯನ್ ಆದವರು ನಮ್ಮವರೇ, ಗೌರವ್ ಗಿಲ್. ಅಂದರೆ ಇದು ಕನಸಿನ ಮಾತಲ್ಲ, ಇಲ್ಲಿ ಓಡಿ ತೋರಿಸಿದ್ದಾಗಿದೆ. ಕಾಯಂ ಆಗಿ ಉಳಿಸಿಕೊಳ್ಳುವುದು ಬಾಕಿ.

ಆದಾಯದ ಲೆಕ್ಕವನ್ನು ಟಿಕೆಟಿನಿಂದ ಮಾಡಬೇಡಿ. ತೋಟದ ನಡುವೆ ಟಿಕೆಟ್ ಮಾರಲಾಗದು. ರಾತ್ರಿ ವಾಸ್ತವ್ಯದಿಂದ ಮಾಡಿ. ಉದಾಹರಣೆಗೆ 35 ಕಾರು ಎಂದುಕೊಳ್ಳಿ. ಕಾರಿಗೆ ಚಾಲಕ, ಸಹಚಾಲಕ, ಐದು ಜನ ಮೆಕ್ಯಾನಿಕ್ ಮತ್ತಿತರರು: 245 ಮಂದಿ. ಹೊರಗಿನ ಅಧಿಕಾರಿಗಳು 100, ಮಾಧ್ಯಮ ಮತ್ತು ಪ್ರಾಯೋಜಕರ ಕಡೆಯವರು 55. ಒಟ್ಟು 400 ಜನ, ದಾರಿಯನ್ನು ಮೊದಲೇ ನೋಡಿಕೊಳ್ಳುವ ರೆಕ್ಕಿ ಸೇರಿ ಆರು ರಾತ್ರಿ: 2,400 ವಾಸ್ತವ್ಯ. ಊಟ, ವಸತಿಗೆ ತಲೆಗೆ 3,000 ಹಿಡಿದರೆ 72 ಲಕ್ಷ. ಹೊರಗಿನ ಪ್ರೇಕ್ಷಕರು 3,000, ಎರಡು ರಾತ್ರಿ, 2,500ರಂತೆ: ಒಂದೂವರೆ ಕೋಟಿ.

ಈ ಒಂದೂವರೆ ಕೋಟಿಗೆ 72 ಲಕ್ಷ ಸೇರಿಸಿ ‘ಎರಡೂ ಕಾಲು ಕೋಟಿ ವಹಿವಾಟು’ ಎಂದು ವರದಿ ಬರೆಯುವವರಿದ್ದಾರೆ. ಅಲ್ಲೇ ತಪ್ಪುವುದು. ಡಿಸೆಂಬರಿನ ವಾರಾಂತ್ಯ ಚಿಕ್ಕಮಗಳೂರಿನ ಹೋಮ್‌ಸ್ಟೇಗಳು ರ‍್ಯಾಲಿ ಇಲ್ಲದೆಯೂ ತುಂಬಿರುತ್ತವೆ. ಆಗಲೇ ಶೇಕಡಾ 80 ತುಂಬುವ ದಿನಗಳಲ್ಲಿ ರ‍್ಯಾಲಿ ಮಾಡಿದರೆ, ಬಂದ ಪ್ರೇಕ್ಷಕರಲ್ಲಿ ಐದರಲ್ಲಿ ನಾಲ್ವರು ಬೇರೆ ಪ್ರವಾಸಿಗರ ಕೋಣೆಯನ್ನೇ ಹಿಡಿದಿರುತ್ತಾರೆ. ಹೊಸದಾಗಿ ಬಂದ ದುಡ್ಡು ಒಂದೂವರೆ ಕೋಟಿಯಲ್ಲ, 30 ಲಕ್ಷ. ತಂಡಗಳದ್ದು ಹೆಚ್ಚಾಗಿ ವಾರದ ದಿನಗಳ ವಾಸ್ತವ್ಯವಾದ್ದರಿಂದ ಅದನ್ನು ಪೂರ್ತಿ ಎಣಿಸಿದರೂ ಒಟ್ಟು ಒಂದು ಕೋಟಿ ಆಸುಪಾಸು. ಜಿಲ್ಲೆ ಈ ರ‍್ಯಾಲಿಗೆ ಕೊಡುವ ಸಹಾಯಧನ ಈ ಅಂಕಿಯ ಹತ್ತಿರಕ್ಕೂ ಹೋಗಬಾರದು. ಏಕೆಂದರೆ ಆ ಒಂದು ಕೋಟಿ ಹೋಮ್‌ಸ್ಟೇಯವರದು, ಸಹಾಯಧನ ಎಲ್ಲರ ತೆರಿಗೆಯದು.

ದಿನ ಗೊತ್ತು ಮಾಡುವುದು

ರ‍್ಯಾಲಿಯ ಅರ್ಧ ಭವಿಷ್ಯ ಪಂಚಾಂಗದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆ ಮಾತೇ ಇಲ್ಲ. ಅಕ್ಟೋಬರ್‌ನಲ್ಲಿ ನೆಲ ಇನ್ನೂ ಹಸಿ; ಮೇಲಾಗಿ ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ, ಲಾಡ್ಜ್ ಸಿಗುವುದಿಲ್ಲ, ಪೊಲೀಸರಂತೂ ಸಿಗುವುದೇ ಇಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಬಿರುಸು. ಡಿಸೆಂಬರಿನ ದತ್ತ ಜಯಂತಿಯ ಹೊತ್ತಿಗೆ ಚಿಕ್ಕಮಗಳೂರಿನ ಪೊಲೀಸ್ ಬಲವೆಲ್ಲ ಬಾಬಾಬುಡನ್‌ಗಿರಿ ಕಡೆ, ದಾರಿಗಳಲ್ಲಿ ನಾಕಾಬಂದಿ. ಜನವರಿಯಿಂದ ರೊಬಸ್ಟಾ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಕೋಣೆಗಳೂ ಖಾಲಿ. ಆದರೆ ಧೂಳು ಮೊಣಕಾಲುದ್ದ, ಬೆಂಕಿಯ ಭಯ, ಕಾಫಿ ಹೂ ಅರಳಿಸುವ ಹೂಮಳೆ ಬಂತೆಂದರೆ ಬೆಳೆಗಾರರಿಗೆ ಹೂ ಬಿಟ್ಟು ಬೇರೆ ಲೋಕವಿಲ್ಲ.

ನಮ್ಮ ಆಯ್ಕೆ ನವೆಂಬರಿನ ಎರಡನೇ ಮತ್ತು ಮೂರನೇ ವಾರ, ದೀಪಾವಳಿ ತಡವಾಗಿ ಬರುವ ವರ್ಷ ಬಿಟ್ಟು. ಆಗ ಅರೇಬಿಕಾ ಕೊಯ್ಲಿನ ಆರಂಭವಷ್ಟೇ. ಅಪಾಯ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಎರಡು ದಿನದ ಜಿಟಿಜಿಟಿ ಮಳೆಗೆ ತೋಟದ ಕೆಮ್ಮಣ್ಣು ಸಾಬೂನಿನಂತಾಗುತ್ತದೆ. ಅದಕ್ಕಾಗಿ ಬೇಕಾದ್ದಕ್ಕಿಂತ ಕಾಲು ಭಾಗ ಹೆಚ್ಚು ಕಿ.ಮೀ. ಸ್ಟೇಜ್‌ಗಳಿಗೆ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಈ ಹೆಚ್ಚುವರಿ ಆನೆಗೂ ಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲೂಕುಗಳಲ್ಲಿ ಹಿಂಡು ಇಂದು ಒಂದು ತೋಟ, ನಾಳೆ ಇನ್ನೊಂದು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಹಿಂದಿನ ಸಂಜೆ ಒಮ್ಮೆ, ಬೆಳಗ್ಗೆ ಐದಕ್ಕೆ ಒಮ್ಮೆ ಮಾಹಿತಿ ಪಡೆದು, ಹಿಂಡು ಇದ್ದರೆ ಚರ್ಚೆಯಿಲ್ಲದೆ ಆ ಸ್ಟೇಜ್ ರದ್ದು. ರಾತ್ರಿ ಸ್ಟೇಜ್ ಬೇಡವೇ ಬೇಡ.

ಒಂದು ಸ್ಟೇಜ್, ಹತ್ತಿರದಿಂದ

15 ಕಿ.ಮೀ. ಉದ್ದದ ಒಂದು ಸ್ಟೇಜ್ ತೆಗೆದುಕೊಳ್ಳಿ. ಅದು ಮೂರ್ನಾಲ್ಕು ತೋಟ ಹಾಯುತ್ತದೆ. ಸಾಹುಕಾರರು ಬೆಂಗಳೂರಿನಲ್ಲಿ ಕೂತು ‘ಆಯ್ತು’ ಎಂದರೆ ಸಾಲದು. ತೋಟದ ಲೆಕ್ಕ ನೋಡುವ ರೈಟರ್ ಮತ್ತು ಮೇಸ್ತ್ರಿಗಳನ್ನು ಕರೆದುಕೊಂಡು ರಸ್ತೆಯನ್ನು ನಡೆದೇ ನೋಡಬೇಕು. ಕೆಲಸದವರ ಲೈನ್ ಮನೆಗಳ ಕಾಲುದಾರಿ ಎಲ್ಲಿ ಅಡ್ಡ ಬರುತ್ತದೆ, ಮಕ್ಕಳು ಶಾಲೆಗೆ ಯಾವ ದಾರಿ ಹಿಡಿಯುತ್ತಾರೆ, ಹಾಲಿನ ಡೈರಿಗೆ ಬೈಕ್ ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದು ಗೊತ್ತಿರುವುದು ಅವರಿಗೆ. ಇಂಥ ಅಡ್ಡದಾರಿ 40 ಇದ್ದರೆ ಒಂದೊಂದಕ್ಕೆ ಇಬ್ಬರು ಮಾರ್ಷಲ್, ಸ್ಟಾರ್ಟ್ ಮತ್ತು ಫಿನಿಶ್‌ಗೆ 20: ಒಟ್ಟು ನೂರು ಜನ. ಸುಮಾರು ಐದು ಕಿ.ಮೀ.ಗೊಂದು ರೇಡಿಯೊ ಪಾಯಿಂಟ್. ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಕಣಿವೆಯಲ್ಲಿ ವಾಕಿಟಾಕಿಯೂ ಕೈಕೊಡುತ್ತದೆ, ಗುಡ್ಡದ ಮೇಲೊಂದು ರಿಪೀಟರ್ ಬೇಕು. ಕಾರುಗಳು ಫಿನಿಶ್ ಗೆರೆಯನ್ನು ಪೂರ್ಣ ವೇಗದಲ್ಲೇ ದಾಟುತ್ತವೆ, ನಿಲ್ಲುವುದು ಇನ್ನೂರು ಮುನ್ನೂರು ಮೀಟರ್ ಮುಂದೆ. ಜನ ಫೋಟೊಕ್ಕೆ ಗುಂಪುಗೂಡುವುದು ಇದೇ ತುಂಡಿನಲ್ಲಿ, ಆದ್ದರಿಂದ ಹಗ್ಗ ಮೊದಲು ಇಲ್ಲಿಗೆ.

ಧೂಳಿದ್ದರೆ ಕಾರಿಗೂ ಕಾರಿಗೂ ಮೂರು ನಿಮಿಷ ಅಂತರ. 35 ಕಾರಿಗೆ 105 ನಿಮಿಷ. ಮೊದಲ ಕಾರಿಗೆ ಎರಡು ಗಂಟೆ ಮುಂಚೆ ರಸ್ತೆ ಬಂದ್. ಸುರಕ್ಷತಾ ಕಾರುಗಳು ಒಂದರ ಹಿಂದೊಂದು ನೋಡಿಕೊಂಡು ಹೋಗಬೇಕು, ಕೊನೆಗೆ ಎಲ್ಲರ ಹಿಂದಿನ ಸ್ವೀಪರ್ ಕಾರು ಹೋಗಿ ‘ಕ್ಲಿಯರ್’ ಎನ್ನಬೇಕು. ಸ್ಟೇಜ್ ಎರಡು ಸಲ ಓಡಿದರೆ ತೋಟದ ಆ ದಿನ ಹೋಯಿತು. 60 ಜನರಿಗೆ ದಿನಗೂಲಿ 500 ಹಿಡಿದರೆ ತೋಟವೊಂದಕ್ಕೆ 30 ಸಾವಿರ. ಈ ಕೂಲಿ ಸಾಹುಕಾರರ ಮೂಲಕ ಅಲ್ಲ, ಹಾಜರಿ ಪುಸ್ತಕ ನೋಡಿ ಕೆಲಸದವರಿಗೇ ಸಿಗಬೇಕು. ರಜೆಯೂ ಸಿಕ್ಕಿ ಕೂಲಿಯೂ ಸಿಕ್ಕರೆ ಅವರೇ ಅರ್ಧ ಮಾರ್ಷಲ್ ಕೆಲಸ ಮಾಡುತ್ತಾರೆ. ಸಿಗದಿದ್ದರೆ ಮರುವರ್ಷ ಗೇಟು ತೆರೆಯುವುದಿಲ್ಲ. ಒಣಗು ಕಣ ರಸ್ತೆ ಪಕ್ಕದಲ್ಲಿದ್ದರೆ ಸ್ಟೇಜ್ ತಿರುಗಿಸಿ. ಪಾರ್ಚ್‌ಮೆಂಟ್ ಕಾಫಿಯ ಮೇಲೆ ಕೆಂಪು ಧೂಳು ಕೂತರೆ ದರ ಬಿದ್ದೇ ಬೀಳುತ್ತದೆ.

ರಸ್ತೆ ದುರಸ್ತಿಯನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಎರಡು ಸುತ್ತಿಗೆ 70 ಕಾರು ಹಾಯ್ದರೆ ತಿರುವುಗಳ ಒಳಬದಿ ಕೊರೆದು ಕಲ್ಲು ಮೇಲೇಳುತ್ತದೆ, ಮೋರಿಯ ಅಂಚು ಒಡೆಯುತ್ತದೆ, ಚರಂಡಿ ಮುಚ್ಚಿಹೋಗುತ್ತದೆ. ಉದ್ದದ ಐದನೇ ಒಂದು ಭಾಗ, ಅಂದರೆ 3 ಕಿ.ಮೀ., ಮೂರೂವರೆ ಮೀಟರ್ ಅಗಲಕ್ಕೆ 10 ಸೆಂ.ಮೀ. ಗ್ರಾವೆಲ್ ಬೇಕೆಂದರೂ 1,050 ಘನ ಮೀಟರ್; ನಾಲ್ಕೂವರೆ ಘನ ಮೀಟರ್ ಹಿಡಿಸುವ ಟಿಪ್ಪರ್‌ನಲ್ಲಿ ಸುಮಾರು 230 ಲೋಡ್. ಲೋಡಿಗೆ 4,000 ಎಂದರೆ ಒಂಬತ್ತು ಲಕ್ಷದ ಮೇಲೆ, ಒಂದೇ ಸ್ಟೇಜಿಗೆ. ಜೆಸಿಬಿ, ರೋಲರ್ ಬೇರೆ. ಸಿಲ್ವರ್ ಓಕ್‌ಗೆ ಕಾರು ಬಡಿದರೆ ಮರ ನಿಂತಿರುತ್ತದೆ, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಹೋಗುತ್ತದೆ. ಒಂದು ಬಳ್ಳಿಗೆ ಎಷ್ಟು, ಒಂದು ಕಾಫಿ ಗಿಡಕ್ಕೆ ಎಷ್ಟು ಎಂದು ಮೊದಲೇ ದರಪಟ್ಟಿ ಬರೆದುಕೊಳ್ಳಿ.

ಸಾರ್ವಜನಿಕ ರಸ್ತೆಯ ತುಂಡು ಸ್ಟೇಜಿನಲ್ಲಿ ಬಂದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕು; ತಹಶೀಲ್ದಾರರ ಮೌಖಿಕ ಭರವಸೆ ನಡೆಯದು. ಸಾಧ್ಯವಾದರೆ ಸ್ಟೇಜ್ ಪೂರ್ತಿ ಖಾಸಗಿ ತೋಟದೊಳಗೇ ಇರಲಿ. 2019ರಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರಾಷ್ಟ್ರೀಯ ರ‍್ಯಾಲಿಯ ಸ್ಟೇಜ್‌ಗೆ ಬೈಕೊಂದು ನುಗ್ಗಿ ಒಂದೇ ಕುಟುಂಬದ ಮೂವರು ಸತ್ತರು. ಅಡ್ಡದಾರಿಯ ಮಾರ್ಷಲ್ ಕೆಲಸ ಎಂಥದ್ದು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಯಾವ ಮಟ್ಟದ ರ‍್ಯಾಲಿ?

ರಾಷ್ಟ್ರೀಯ ಸುತ್ತು, ಏಷ್ಯಾ ಮಟ್ಟ, ವಿಶ್ವ ಚಾಂಪಿಯನ್‌ಶಿಪ್. ಈ ಮೂರರ ನಡುವೆ ಮೆಟ್ಟಿಲಲ್ಲ, ಏಣಿಯೇ ಬೇಕು. ವಿಶ್ವ ಮಟ್ಟಕ್ಕೆ ಸುಮಾರು 300 ಕಿ.ಮೀ. ಸ್ಟೇಜ್, ವೈದ್ಯಕೀಯ ಹೆಲಿಕಾಪ್ಟರ್, ನೇರಪ್ರಸಾರ, ಅದಕ್ಕೂ ಮೊದಲು ಪರೀಕ್ಷಾರ್ಥ ರ‍್ಯಾಲಿ ಬೇಕು. ಮಲೆನಾಡಿನ ನವೆಂಬರ್ ಬೆಳಗಿನಲ್ಲಿ ಒಂಬತ್ತು ಗಂಟೆಯವರೆಗೂ ಮಂಜು. ಹೆಲಿಕಾಪ್ಟರ್ ಏಳದಿದ್ದರೆ ಸ್ಟೇಜ್ ಶುರುವಾಗದು, ದಿನದ ವೇಳಾಪಟ್ಟಿಯೇ ಕುಸಿಯುತ್ತದೆ. ಕೀನ್ಯಾದ ಸಫಾರಿ ರ‍್ಯಾಲಿ 1953ರಿಂದ ಹೆಸರು ಮಾಡಿದ್ದರೂ 2002ರ ನಂತರ ವಿಶ್ವ ಪಟ್ಟಿಯಿಂದ ಹೊರಬಿದ್ದು, ಮರಳಿ ಬರಲು 2021 ಆಯಿತು, ಅದೂ ಸರ್ಕಾರದ ಹಣದಲ್ಲಿ. 2025ರಲ್ಲಿ ಪಟ್ಟಿ ಸೇರಿದ ಎರಡು ಹೊಸ ದೇಶಗಳಲ್ಲಿ ಸೌದಿ ಅರೇಬಿಯಾದ ಬಳಿ ದುಡ್ಡಿದೆ. ಪರಾಗ್ವೆಯ ಬಳಿ ಅರ್ಧ ಶತಮಾನದ ರ‍್ಯಾಲಿ ಹುಚ್ಚಿದೆ. ನಾವು ಹಿಡಿಯಬಹುದಾದ ದಾರಿ ಪರಾಗ್ವೆಯದು.

ಹಾಗಾಗಿ ಮೊದಲ ಮೂರು ವರ್ಷ ಭಾರತೀಯ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ಅಡಿಯ ರಾಷ್ಟ್ರೀಯ ಸುತ್ತು, 60ರಿಂದ 80 ಕಿ.ಮೀ. ಸ್ಟೇಜ್, ನಾಲ್ಕೈದು ವಿದೇಶಿ ಆಹ್ವಾನಿತರು. ಜೊತೆಗೆ ಮೂಡಿಗೆರೆ, ಸಕಲೇಶಪುರದ ಹುಡುಗರಿಗೆ ವರ್ಷಕ್ಕೆರಡು ಆಟೋಕ್ರಾಸ್, ಅಂದರೆ ಬಯಲಿನ ಮಣ್ಣು ದಾರಿಯಲ್ಲಿ ಸಮಯದ ಓಟ. ಮಾರ್ಷಲ್‌ಗಳು ತಯಾರಾಗುವುದು ಅಲ್ಲೇ. ನಾಲ್ಕನೇ ವರ್ಷ ಏಷ್ಯಾ ಮಟ್ಟಕ್ಕೆ ಅರ್ಜಿ. ಹಾಸನ ಮತ್ತು ಚಿಕ್ಕಮಗಳೂರು ಪೈಪೋಟಿಗಿಳಿಯದೆ ಹಂಚಿಕೊಳ್ಳುವುದು ಜಾಣತನ: ಸ್ಟೇಜ್‌ಗಳು ತೋಟದಲ್ಲಿ, ಕಾರು ರಿಪೇರಿಯ ಸರ್ವಿಸ್ ಪಾರ್ಕ್ ಗಟ್ಟಿ ನೆಲದ ನಾಲ್ಕೈದು ಎಕರೆ ಸಿಗುವ ಕಡೆ, ಅಧಿಕಾರಿಗಳ ವಾಸ್ತವ್ಯ ಹಾಸನದ ಹೋಟೆಲುಗಳಲ್ಲಿ.

ವಿದೇಶಿ ಕಾರುಗಳು ಬರುವುದು ಹಡಗಿನಲ್ಲಿ. ಪಣಂಬೂರಿನ ಬಂದರು ಹತ್ತಿರವೇ. ಆದರೆ ಕಂಟೇನರ್ ಲಾರಿ ಚಾರ್ಮಾಡಿ ಘಾಟಿ ಹತ್ತದು, ಶಿರಾಡಿ ಮೇಲೇ ಬರಬೇಕು. ತಾತ್ಕಾಲಿಕ ಆಮದಿನ ಕಾರ್ನೆಟ್ ಪತ್ರ ರ‍್ಯಾಲಿ ಕಾರು, ಬಿಡಿಭಾಗ, ಟೈರ್ ಎಲ್ಲಕ್ಕೂ ಅನ್ವಯಿಸುತ್ತದೆಯೇ ಎಂದು ಕಸ್ಟಮ್ಸ್‌ನಿಂದ ಬರಹದಲ್ಲಿ ಪಡೆಯಿರಿ. ಮುರಿದ ಗೇರ್‌ಬಾಕ್ಸ್ ಕೂಡ ಎಣಿಕೆಗೆ ಸಿಕ್ಕಿ ವಾಪಸು ಹೋಗಲೇಬೇಕು. ವೀಸಾ ಆಹ್ವಾನ ಪತ್ರಗಳನ್ನು ಹತ್ತು ವಾರ ಮೊದಲೇ ಕಳಿಸಿ. 2023ರ ಮೋಟೊಜಿಪಿಗೆ ಬರಬೇಕಿದ್ದ ತಂಡದವರು, ವಿಶ್ವ ಚಾಂಪಿಯನ್ ಸವಾರರೂ ಸೇರಿ, ವೀಸಾಕ್ಕಾಗಿ ಕೊನೆಯ ಕ್ಷಣದವರೆಗೆ ಕಾಯಬೇಕಾಯಿತು.

ಸಹಿಗೆ ಮೊದಲು

ಶುಲ್ಕ ರೂಪಾಯಿಯಲ್ಲಿರಲಿ, ಒಪ್ಪದಿದ್ದರೆ ಡಾಲರ್ ದರಕ್ಕೊಂದು ಮೇಲ್ಮಿತಿ ಬರೆಸಿ. ಟಿಡಿಎಸ್ ಯಾರದು, ಜಿಎಸ್‌ಟಿ ಯಾರದು ಎಂಬುದು ಅಂಕಿಯ ಸಮೇತ ಇರಲಿ. ರ‍್ಯಾಲಿಯ ಹೆಸರಿನ ಪ್ರಾಯೋಜಕತ್ವ ನಿಮ್ಮಲ್ಲೇ ಉಳಿಯಬೇಕು. ಸ್ಥಳೀಯವಾಗಿ ಮಾರಬಹುದಾದ ಸರಕು ಅದೊಂದೇ. ಆದರೆ ಅದನ್ನೂ ಒಬ್ಬರಿಗೇ ಮಾರಬೇಡಿ, ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಬ್ಬ ಪ್ರಾಯೋಜಕರ ಮೇಲೆ ನಿಂತರೆ ಅವರು ಸೀನಿದರೂ ರ‍್ಯಾಲಿಗೆ ನೆಗಡಿ. ಮಳೆ, ಆನೆ, ಚುನಾವಣಾ ನೀತಿಸಂಹಿತೆ ಮೂರನ್ನೂ ರದ್ದತಿಯ ಕಾರಣಗಳ ಪಟ್ಟಿಯಲ್ಲಿ ಹೆಸರು ಹಿಡಿದು ಬರೆಸಿ. ವಿದೇಶಿ ಪಕ್ಷದ ನಮೂನೆ ಒಪ್ಪಂದದಲ್ಲಿ ಭೂಕಂಪ, ಯುದ್ಧ ಇರುತ್ತವೆ, ಆನೆ ಇರುವುದಿಲ್ಲ.

ರಸ್ತೆ ದುರಸ್ತಿಯ ಹಣ ರ‍್ಯಾಲಿ ಮುಗಿದ ಮೇಲೆ ಪ್ರಾಯೋಜಕರಿಂದ ಬರುವ ಬಾಕಿಯ ಮೇಲೆ ನಿಲ್ಲಬಾರದು. ಮೊದಲ ಕಾರು ಓಡುವ ಮುನ್ನವೇ ಬೇರೆ ಖಾತೆಯಲ್ಲಿಡಿ. ಕೊನೆಯ ಕಾರು ಹೋದ ಎರಡು ವಾರದೊಳಗೆ, ಅಂದರೆ ಕೊಯ್ದ ಹಣ್ಣು ಹೊತ್ತ ಟ್ರ್ಯಾಕ್ಟರ್‌ಗಳ ಓಡಾಟ ಜೋರಾಗುವ ಮೊದಲು, ರಸ್ತೆ ಸರಿಯಾಗಬೇಕು. ಸರಿಯಾಯಿತೆಂದು ಸಹಿ ಹಾಕುವವರು ಕ್ಲಬ್ಬಿನ ಎಂಜಿನಿಯರ್ ಅಲ್ಲ, ತೋಟದ ರೈಟರ್.